ಏಳನೇ ವರ್ಷದ ಲೋಟ

ಯೂಲಾಲಿಯಾ ಹೂಜಿಯ ನೀರನ್ನು ಚರಂಡಿಗೆ ಚೆಲ್ಲಿ, ಅದರಲ್ಲಿ ವಿನೆಗರ್ ತುಂಬಿದಳು.

"ಅಕ್ಕಾ, ಇವತ್ತು ಶುಭ ಶುಕ್ರವಾರ," ಅಂದಳು ಪಕ್ಕದ ಮನೆಯ ಬಸಿಲ್ಯಾ. "ಶಿಲುಬೆ ಹೊತ್ತು ಬರೋರಿಗೆ ನೀರು ಕೊಡೋ ಚಪ್ಪರ ಇದು."

"ಆ ಮುಸುಕಿನವನು ಯಾರ ಮನೆಯವನು ಅಂತ ಹೇಳಿದ್ದು ನೀನೇ ತಾನೇ? ಈಗ ಸುಮ್ನಿರು."

ಬಸಿಲ್ಯಾ ಹೇಳಿದ್ದು ಇಷ್ಟೇ: ಪ್ರತಿ ವರ್ಷ ಈ ಚಪ್ಪರದ ಮುಂದೆ ಮಾತ್ರ ನಿಲ್ಲುವ ಆ ಮುಸುಕಿನವರ ಶಿಲುಬೆ ನಿನ್ನೆ ಹೊಳೆಯಾಚೆ ಕ್ರಿಸಾಂತೋನ ಅಂಗಳದಲ್ಲಿ ಒರಗಿತ್ತು. ಮುಂದೆ ಇನ್ನೇನೋ ಹೇಳಹೊರಟವಳ ಬಾಯನ್ನು ಯೂಲಾಲಿಯಾ ಅಲ್ಲೇ ಮುಚ್ಚಿಸಿದ್ದಳು.

ಕ್ರಿಸಾಂತೋ! ಅವನ ಮುಖ ಅವಳು ಕಂಡವಳಲ್ಲ, ಹೆಸರು ಮಾತ್ರ ಹನ್ನೊಂದು ವರ್ಷದಿಂದ ಗಂಟಲ ಮುಳ್ಳು. ಮಗಳು ರೊಸೆಂಡಾಳನ್ನು ಮದುವೆಗೆ ಮುಂಚೆ ಬಸುರು ಮಾಡಿದವನು. ಅದು ಗೊತ್ತಾದ ದಿನವೇ ಯೂಲಾಲಿಯಾ ಊರೆಲ್ಲ ನೋಡುತ್ತಿರುವಂತೆ ಮಗಳನ್ನು ಬೀದಿಗೆ ದಬ್ಬಿ ಕದ ಹಾಕಿಕೊಂಡಳು. ಆಮೇಲೆ ಅವಳು ಸತ್ತಳೋ ಬದುಕಿದಳೋ ಅಂತ ಕೇಳಲಿಲ್ಲ, ಯಾರಿಗೂ ಹೇಳಗೊಡಲೂ ಇಲ್ಲ.

"ಆರು ವರ್ಷ ನನ್ನ ಕೈಯಿಂದಲೇ ನೀರು ಕುಡಿದಿದ್ದಾನಲ್ಲೇ, ಕಳ್ಳ! ಮುಖ ತೋರಿಸೋ ಧೈರ್ಯ ಇಲ್ಲ. ದಿನಾ ಮರ ಹೊತ್ತರೂ ಅವನ ಪಾಪ ತೊಳೆದುಹೋಗಲ್ಲ."

"ಮುಸುಕು ಹರಕೆಯ ನೇಮ ಅಕ್ಕಾ. ಯಾರು ಹೊತ್ತರು, ಯಾರಿಗಾಗಿ ಹೊತ್ತರು ಅಂತ ಏಳು ವರ್ಷ ಬಾಯಿ ಬಿಡಬಾರದು. ಇವತ್ತಿಗೆ ಮುಗಿಯುತ್ತೆ. ಯೇಸು ಕ್ಷಮಿಸ್ತಾನೆ, ನೀವೂ..."

"ಅವನು ಬೇಕಾದರೆ ಕ್ಷಮಿಸಲಿ. ಬೀದಿಯಲ್ಲಿ ಜನರಿಂದ ಉಗಿಸಿಕೊಂಡು ನಡೆದವಳು ನಾನು, ಯೇಸು ಅಲ್ಲ."

ಬಸಿಲ್ಯಾ ಮನೆಗೋಡೆಯ ಮೇಲಿನ ಶಿಲುಬೆ ನೋಡಿದಳು.

ನಡುಮಧ್ಯಾಹ್ನ ಮುಸುಕು ಬಂತು. ಕುಳ್ಳಗಿನ ದೇಹ, ಸಡಿಲ ನಿಲುವಂಗಿ, ಸುಡುವ ಟಾರಿನ ಮೇಲೆ ಬರಿಗಾಲು. ಎಂದಿನಂತೆ ಚಪ್ಪರದ ಮುಂದೆ ಶಿಲುಬೆ ಇಳಿಸಿ ನಿಂತಿತು.

"ತಗೋ," ಯೂಲಾಲಿಯಾ ಲೋಟ ಚಾಚಿದಳು. "ನನ್ನ ಮಗಳ ಮಾನ ತೆಗೆದವನಿಗೆ ಇದೇ ಹೆಚ್ಚು."

ಲೋಟ ಮುಸುಕಿನೊಳಗೆ ಹೋಯಿತು. ಮೊದಲ ಗುಟುಕಿಗೆ ಮೈ ಅದುರಿತು, ಕೆಮ್ಮು ಬಂತು. ಉಗುಳಲಿಲ್ಲ. ಒಂದು ಹನಿ ಬಿಡದೆ ಕುಡಿದು, ಎರಡೂ ಕೈಯಲ್ಲಿ ಲೋಟ ಮರಳಿಸಿ, ಹಿರಿಯರಿಗೆ ಮಾಡುವಂತೆ ಬಾಗಿ ಅವಳ ಕೈಯನ್ನು ಹಣೆಗೆ ಒತ್ತಿಕೊಂಡಿತು. ಆಮೇಲೆ ಶಿಲುಬೆ ಎತ್ತಿಕೊಂಡು ಬೆನ್ನು ನೆಟ್ಟಗೆ ಮಾಡಿ ಇಗರ್ಜಿಯ ಕಡೆ ನಡೆಯಿತು.

"ನಾಚಿಕೆ ಅನ್ನೋದೇ ಇಲ್ಲ," ಯೂಲಾಲಿಯಾ ಕಿರುಚಿದಳು.

ಅಷ್ಟರಲ್ಲಿ ಆರಡಿಯ ಗಂಡಸೊಬ್ಬ ನೀರಿನ ಬಾಟಲಿ ಹಿಡಿದು ಏದುಸಿರು ಬಿಡುತ್ತ ಓಡಿಬಂದ. ಬರಿದಾದ ಲೋಟವನ್ನು ಕಿತ್ತುಕೊಂಡು ಮೂಸಿದ. ಅವನ ಮುಖ ಕೆಂಪಾಯಿತು.

"ಅತ್ತೆ, ನಾನು ಕ್ರಿಸಾಂತೋ," ಅಂದ. "ರೊಸೆಂಡಾಳ ನಾಚಿಕೆಯನ್ನ ಕರ್ತ ಯೇಸು ಎಂದೋ ತೆಗೆದುಬಿಟ್ಟ, ಏಳು ವರ್ಷ ಅವಳು ಆ ಮರ ಹೊತ್ತಿದ್ದು ನಿಮ್ಮ ಸಿಟ್ಟು ಇಳೀಲಿ ಅಂತ."