ಒಡೆದ ಬಳೆಯ ಗಿಲಕಿ

ಅಂಗನವಾಡಿಯಲ್ಲಿ ಅವತ್ತು ಗಿಲಕಿ ಮಾಡುವ ದಿನ...

ಮನೆಯಲ್ಲಿ ಬಿದ್ದಿರುವ ಖಾಲಿ ಡಬ್ಬಿ ತನ್ನಿ, ಒಳಗೆ ಹಾಕಲು ಒಂದು ಹಿಡಿ ಕಾಳು ತನ್ನಿ, ಅಲ್ಲಾಡಿಸಿ ಹಾಡು ಹೇಳೋಣ ಎಂದು ದಾನಮ್ಮ ಟೀಚರ್ ಹಿಂದಿನ ದಿನವೇ ಮಕ್ಕಳಿಗೆ ಹೇಳಿದ್ದರು.

"ಗಾಜು, ಮೊಳೆ ಏನರ ತಂದ್ರ ನೋಡ್ರಿ... ಕಿವಿ ಕಿತ್ತು ಕೈಯಾಗ ಕೊಡ್ತೀನಿ!" ಎಂದೂ ಹೇಳಿದ್ದರು.

ಟೀಚರ್ ಮನಸ್ಸು ಬೆಣ್ಣೆ, ಬಾಯಿ ಮಾತ್ರ ಬೆಂಕಿ. ಈ ನೇಕಾರರ ಓಣಿಗೆ ವರ್ಗವಾಗಿ ಬಂದು ಹತ್ತೇ ದಿನ. ಯಾವ ಮನೆಯಲ್ಲಿ ಏನಾಗಿದೆ ಎಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ.

ಒಬ್ಬ ಔಷಧದ ಬಾಟಲಿಯಲ್ಲಿ ಜೋಳ ತಂದಿದ್ದ. ಒಬ್ಬಳು ಪೌಡರ್ ಡಬ್ಬಿಯಲ್ಲಿ ಹುಣಸೆ ಬೀಜ. ಇನ್ನೊಬ್ಬ ಪುಟಾಣಿ, ಅಂದರೆ ಹುರಿಗಡಲೆ ತಂದು, ದಾರಿಯಲ್ಲೇ ಮುಕ್ಕಾಲು ಪಾಲು ತಿಂದು ಮುಗಿಸಿದ್ದ.

"ಟೀಚರ್, ನಂದು ಸಪ್ಪಳನ ಬರವಲ್ದು!"

"ಪುಟಾಣಿ ಹೊಟ್ಯಾಗ ಅದಾವಲ್ಲೋ... ನೀನ ಕುಣಿ, ಬರತೈತಿ!"

ಎಲ್ಲರೂ ನಕ್ಕರು. ನಗದೆ ಕೂತವಳು ಒಬ್ಬಳೇ... ಐದು ವರ್ಷದ ಭೂಮಿಕಾ.

ಅವಳ ಕೈಯಲ್ಲಿ ಒಂದು ಹಳೇ ಕುಂಕುಮದ ಡಬ್ಬಿ. ಉಳಿದವರದು ಜರ ಜರ ಎನ್ನುತ್ತಿದ್ದರೆ ಅವಳದು ಘಲ್ ಘಲ್ ಎನ್ನುತ್ತಿತ್ತು.

ಟೀಚರ್ ಮುಚ್ಚಳ ತೆಗೆದು ನೋಡಿದರು... ಹಸಿರು ಬಳೆಯ ಚೂರುಗಳು!

ಸಿಟ್ಟು ನೆತ್ತಿಗೇರಿತು.

"ಬಡಕೊಂಡು ಹೇಳಿದ್ನೆಲ್ಲ ಗಾಜು ತರಬ್ಯಾಡ್ರಿ ಅಂತ! ಯಾವುದರ ಕೂಸಿನ ಕೈ ಕೊಯ್ದ್ರ ನಿಮ್ಮಪ್ಪ ಬಂದು ಉತ್ತರ ಕೊಡ್ತಾನೇನು?"

ಹಾಗೆನ್ನುತ್ತಲೇ ಬಾಗಿಲ ಮುಂದಿನ ಗಟಾರಕ್ಕೆ ಡಬ್ಬಿಯನ್ನು ಎಸೆದೇಬಿಟ್ಟರು.

ಹುಡುಗಿ ಅಳಲಿಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದಳು...

"ಅಪ್ಪ ಬರಂಗಿಲ್ರಿ ಟೀಚರ್... ಸತ್ತಾನ."

ಟೀಚರ್ ಅವಳ ಮುಂದೆ ಕುಕ್ಕರಿಸಿ ಕೂತರು.

"ಅವು ಅವ್ವನ ಕೈಬಳಿ. ಅಜ್ಜಿ ಕಲ್ಲಿಗೆ ಕುಟ್ಟಿ ಒಡದ್ಲು. ಈಗ ಅವ್ವ ತೊಟ್ಟಿಲ ತೂಗಿದ್ರ ಸಪ್ಪಳನ ಬರಂಗಿಲ್ಲ... ತಮ್ಮ ಮಲಗಂಗಿಲ್ಲ. ಅದಕ್ಕ ಗಿಲಕಿ ಮಾಡಿದ್ದೆ..."

ದಾನಮ್ಮ ಟೀಚರ್ ಓಡಿಹೋಗಿ ಗಟಾರಕ್ಕೆ ಕೈ ಹಾಕಿದರು. ಡಬ್ಬಿ ಸಿಕ್ಕಿತು. ಚೂರುಗಳು ಎರಡೇ ಸಿಕ್ಕವು. ಉಳಿದವನ್ನು ಕೆಸರು ನುಂಗಿತ್ತು.

ಮಕ್ಕಳನ್ನು ಮನೆಗೆ ಕಳಿಸಿದ ಮೇಲೆ ಟೀಚರ್ ಭೂಮಿಕಾಳ ಕೈ ಹಿಡಿದು ಅವಳ ಮನೆಗೆ ಹೋದರು. ಮಗ್ಗ ನಿಂತುಹೋಗಿತ್ತು. ಅರ್ಧ ನೇಯ್ದ ಸೀರೆ ಹಾಗೇ ಇತ್ತು... ತೊಟ್ಟಿಲಲ್ಲಿ ಏಳು ತಿಂಗಳ ಕೂಸು ಕಿರುಚಿ ಕಿರುಚಿ ನೀಲಿಗಟ್ಟಿತ್ತು. ತಾಯಿ ಸುವರ್ಣಾ ಬೋಳು ಕೈಯಲ್ಲಿ ತೂಗುತ್ತಲೇ ಇದ್ದಳು.

ಅಜ್ಜಿ ನಾಗವ್ವ ಬಾಗಿಲಲ್ಲಿ ಕೂತಿದ್ದಳು.

"ತಪ್ಪು ನಂದು" ಎಂದು ಟೀಚರ್ ನಡೆದದ್ದನ್ನೆಲ್ಲ ಹೇಳಿದರು. ತಮ್ಮ ಕೈಯ ನಾಲ್ಕು ಬಳೆ ಬಿಚ್ಚಿ ಸುವರ್ಣಾಳ ಮುಂದೆ ಹಿಡಿದರು.

ಸುವರ್ಣಾ ಹೆದರಿ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

ನಾಗವ್ವ ಭುಸುಗುಟ್ಟಿದಳು. "ಮಕ್ಕಳಿಗೆ ಬುದ್ಧಿ ಹೇಳ್ರಿ ಟೀಚರ, ನಮಗಲ್ಲ! ನನ್ನ ಮಗನ ಮ್ಯಾಲಿನ ಮಣ್ಣ ಇನ್ನ ಆರಿಲ್ಲ... ನನ್ನ ಬಳಿನೂ ಹಿಂಗ ಒಡದಿದ್ರು. ನಾ ತಡಕೊಳ್ಳಲಿಲ್ಲೇನು? ಆವಾಗ ಇದ ತೊಟ್ಟಿಲದಾಗ ನನ್ನ ಮಗ..."



ಕೂಸು ಅಳುತ್ತಲೇ ಇತ್ತು. ಮುದುಕಿ ತೊಟ್ಟಿಲನ್ನೇ ನೋಡಿದಳು.

"ಅವನೂ ಹಿಂಗ ಅತ್ತಿದ್ದ..." ಎಂದಳು. "ದೃಷ್ಟಿ ತಗದೆ. ಬಜಿ ಬೇರು ತೇದು ಹಾಕಿದೆ. ಸುಮ್ಮನಾಗಲಿಲ್ಲಂತ ಒಂದಿನ ಹೊಡದೂಬಿಟ್ಟೆ... ಮೂವತ್ತು ವರ್ಷ ಆತು. ನನ್ನ ಕೂಸು ಯಾತಕ್ಕ ಅಳತಿತ್ತಂತ ನನಗ ತಿಳಿಲೇ ಇಲ್ಲಲ್ಲವ್ವಾ..."

ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಟೀಚರ್ ಕೈಯಿಂದ ಬಳೆ ಕಸಿದುಕೊಂಡಳು. ಸೊಸೆಯ ಕೈ ಹಿಡಿದೆಳೆದಳು.

"ಅತ್ತೀ... ಮಂದಿ ಏನಂತಾರ?"

"ಮಂದಿ ಬಂದು ತೊಟ್ಟಿಲ ತೂಗ್ತಾರೇನ? ಚಾಚು ಕೈ!"

ಮೂರು ಬಳೆ ಏರಿಸಿದಳು. ಸುವರ್ಣಾ ಬಿಕ್ಕುತ್ತಲೇ ತೊಟ್ಟಿಲು ತೂಗಿದಳು.

ಘಲ್... ಘಲ್...

ಕೂಸು ಅಳು ನಿಲ್ಲಿಸಿತು. ಕಣ್ಣರಳಿಸಿ ಏನನ್ನೋ ಹುಡುಕಿತು. ಬೆರಳು ಬಾಯಿಗಿಟ್ಟುಕೊಂಡು, ಹಾಗೇ ನಿದ್ದೆ ಹೋಯಿತು.

ಉಳಿದ ಒಂದು ಬಳೆಯನ್ನು ಭೂಮಿಕಾ ಎತ್ತಿಕೊಂಡು ಅಜ್ಜಿಯ ಹತ್ತಿರ ಬಂದಳು.

"ಅಜ್ಜೀ... ಇದು ನಿನಗ?"

ನಾಗವ್ವ ಬೋಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬ್ಯಾಡ ನನ ಕಂದಾ... ನನ್ನ ಕೂಸು ಮಣ್ಣಾಗ ಮಲಕೊಂಡೈತಿ. ಇನ್ನ ಸಪ್ಪಳ ಮಾಡಿ ಎಬ್ಬಸೂದು ಬ್ಯಾಡ..."

*

ಸತ್ತವರ ಹೆಸರು ಹೇಳಿ ಬದುಕಿರುವವರ ಕೈ ಬೋಳು ಮಾಡುವುದು ಸಂಪ್ರದಾಯವಲ್ಲ, ಕಟುಕತನ.

ನಿಮ್ಮ ಮನೆಯಲ್ಲೂ ಯಾರದೋ ಕೈಬಳೆಯ ಸಪ್ಪಳ ನಿಂತುಹೋಗಿರಬಹುದು... ಅದನ್ನು ನಿಲ್ಲಿಸಿದವರು ಯಾರು ಎಂದು ಒಂದು ದಿನವಾದರೂ ನಿಮ್ಮನ್ನು ನೀವು ಕೇಳಿಕೊಂಡಿದ್ದೀರಾ?