ಸ್ಪ್ಲಿಂಟ್ ಆರುವ ಮುನ್ನ

ಮುರಿದ ಕೈ ಮತ್ತೆ ಒಂದೇ ಒಂದು ಕೆಲಸ ಕಲಿಯುತ್ತದೆ. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಸ್ಪ್ಲಿಂಟನ್ನು ಕೈಗೆ ಸುತ್ತಿ, ಅದು ಆರುವ ಮುನ್ನ ಆ ಕೆಲಸ ಮಾಡಿಸಬೇಕು. ಯಾವ ಕೆಲಸವೆಂದು ಹೇಳುವವರು ಮನೆಯವರು. ನಮ್ಮ ಆಸ್ಪತ್ರೆಯ ರೂಢಿ ಅದು.

“ರೊಟ್ಟಿ ಬಡಿಯೂದು ಬಂದ್ರ ಸಾಕ್ರಿ ಮೇಡಂ,” ಎಂದ ಪಾರವ್ವನ ಗಂಡ, ಹೊಸ್ತಿಲಾಚೆ ನಿಂತು. ನನ್ನೆದುರು ಕೂತಿದ್ದ ಅವಳ ಕೈ ತಿರುಚಿ ಮುರಿದವನೂ ಅವನೇ. “ನನ್ನ ಕಾಲು ಒತ್ತೂದೂ ಸೇರಿಸ್ತೀರೇನು?” ಎಂದು ನಕ್ಕ.

ಸ್ಪ್ಲಿಂಟ್ ಸುತ್ತುತ್ತಾ, “ನಿನಗೆ ಯಾವ ಕೆಲಸ ಬೇಕವ್ವಾ?” ಎಂದು ಅವಳನ್ನೇ ಕೇಳಿದೆ.

“ಅಕೀನ್ನೇನ್ ಕೇಳ್ತೀರಿ?” ಎಂದು ಅವನು ಗದರಿದ.

ಪಾರವ್ವ ಎದ್ದುಹೋಗಿ ಅವನ ಮುಖಕ್ಕೇ ಬಾಗಿಲು ಹಾಕಿದಳು. ಸ್ಪ್ಲಿಂಟ್ ಇನ್ನೂ ಆರದ ಆ ಕೈಯಿಂದಲೇ ಒಳಗಿನ ಚಿಲಕ ಸರಿಸಿದಳು. ಅವನು ಹೊರಗಿಂದ ಗುದ್ದುತ್ತಿದ್ದರೂ, ಸ್ಪ್ಲಿಂಟ್ ಆರಿ ಗಟ್ಟಿಯಾಗುವವರೆಗೂ ಚಿಲಕ ಹಿಡಿದೇ ನಿಂತಳು.