ಒಂದು ಮೈನಸ್ ಗುರುತು

"ಏನೋ ಎಡಚಾ, ನನ್ನ ಫಾಯಿಯಾನ ಸುದ್ದಿ ಏನಾದ್ರೂ ಬಂತಾ?"

ತಾಂಬಾನ ಎಡಗೈ ಮೌಸಿನಿಂದ ಜಾರಿತು. ನಾಲ್ಕು ವರ್ಷದಿಂದ ಪ್ರತಿ ಶುಕ್ರವಾರ ಮುದುಕಿ ಸಿಯಾ ಮಗನ ಸುದ್ದಿ ಕೇಳಲು ಬರುತ್ತಾಳೆ. ಪ್ರತಿ ಸಲ ಕೈ ಹೀಗೇ ಜಾರುತ್ತದೆ.

"ಹುಡುಕ್ತೀನಿ, ಕೂತ್ಕೊಳ್ಳಮ್ಮಾ."

ಫ್ರೀಟೌನಿನ ಆ ಕಚೇರಿಯ ಕಂಪ್ಯೂಟರಿನಲ್ಲಿ ಯುದ್ಧ ಕಂಡವರ ಹೇಳಿಕೆಗಳು ರಾಶಿ ಬಿದ್ದಿದ್ದವು. ಕಿಸ್ಸಿ ಜನರಲ್ಲಿ ಎರಡನೆಯ ಮಗನೆಂದರೆ ತಾಂಬಾ, ಮೂರನೆಯವನೆಂದರೆ ಫಾಯಿಯಾ. ಬರೀ ಹೆಸರು ಕೊಟ್ಟರೆ ಸಾವಿರ ಜನ ಎದ್ದು ಬರುತ್ತಾರೆ. ಊರು ಸೇರಿಸಬೇಕು, ಅಡ್ಡಹೆಸರು ಸೇರಿಸಬೇಕು. ಯಾವ ಪದಕ್ಕೆ ಮೊದಲು ಮೈನಸ್ ಹಾಕುತ್ತೀರೋ, ಆ ಪದವಿರುವ ಹಾಳೆ ತೆರೆಗೇ ಬರುವುದಿಲ್ಲ.

ತಾಂಬಾ ಒತ್ತಿದ: ಫಾಯಿಯಾ, ಊರು, ಕಣಜ. ಕೊನೆಗೆ, ಯಾವಾಗಲೂ ಸೇರಿಸುವುದನ್ನೇ ಸೇರಿಸಿದ. ಮೈನಸ್ ಎಡಚ.

ಸೊನ್ನೆ.

ಮೈನಸ್ ತೆಗೆದರೆ ಒಂದು ಹಾಳೆ ಇದೆ. ಮೊದಲ ದಿನವೇ ಆ 'ಒಂದು' ಕಂಡು ಬೆವತಿದ್ದ. ತೆರೆದಿರಲಿಲ್ಲ. ಓದುವುದೇನಿದೆ? ಬಂದೂಕಿನವರು ಗದರಿಸಿದಾಗ ಫಾಯಿಯಾ ಅಡಗಿದ್ದ ಕಣಜದತ್ತ ಬೆರಳು ಮಾಡಿದ್ದು ಪಕ್ಕದ ಮನೆಯ ಹನ್ನೊಂದು ವರ್ಷದ ಎಡಚ. ಕಣಜ ಉರಿದು ಬೂದಿಯಾಗಿದ್ದನ್ನೂ ನೋಡಿದ್ದ. ಅಂಗಳದಲ್ಲಿ ಬೇರೆ ನರಪಿಳ್ಳೆ ಇರಲಿಲ್ಲ. ಆದರೂ ಯಾರೋ ಕಂಡಿದ್ದಾರೆ, ಬರೆಸಿದ್ದಾರೆ.

"ಏನೂ ಇಲ್ಲಮ್ಮಾ."

"ಇಷ್ಟು ದೊಡ್ಡ ಡಬ್ಬ ಇಟ್ಕೊಂಡು ಏನೂ ಇಲ್ವಾ? ನಮ್ಮನೆ ಕೋಳಿ ಇದಕ್ಕಿಂತ ಚೆನ್ನಾಗಿ ಕೆದಕುತ್ತೆ!" ಮುದುಕಿ ಹುರಿದ ಕಡಲೆಕಾಯಿ ಚಾಚಿದಳು. ಅವನು ಮರ್ಯಾದೆಗೆ ಬಲಗೈ ಒಡ್ಡಿದ. "ಬೇರೆಯವರ ಹತ್ರ ಕೇಳು ಅಂತಾರೆ ಎಲ್ರೂ. ಪಕ್ಕದ್ಮನೆ ಮಗನಿಗಿಂತ ಬೇರೆಯವರು ಹೆಚ್ಚಾ? ಆದ್ರೆ ಮುಂದಿನ ವಾರದಿಂದ ಬರಲ್ಲಪ್ಪಾ. ಕಾಲು ನಡೀತಿಲ್ಲ."

ತಾಂಬಾ ಕಡಲೆಕಾಯಿಯನ್ನು ಮೇಜಿನ ಮೇಲಿಟ್ಟ.

"ಅಮ್ಮಾ, ನಾನು... ಒಂದು ಹಾಳೆ ಇದೆ. ಓದ್ತೀನಿ. ಕೇಳಿದ್ಮೇಲೆ ನನ್ನ ಮುಖಕ್ಕೆ ಉಗಿ."

ಮೈನಸ್ ಅಳಿಸಿದ. ಹಾಳೆ ತೆರೆಯಿತು. ನಾಲ್ಕು ವರ್ಷ ಹಳೆಯದು. ಗಟ್ಟಿಯಾಗಿ ಓದಿದ:

"ಎಡಚ ಬೆರಳು ತೋರಿಸಿದ್ದನ್ನು ಕಣಜದ ಸಂದಿಯಿಂದ ನಾನೇ ನೋಡಿದೆ. ಹಿಂದಿನ ತಟ್ಟಿ ಕಿತ್ತು ಕಾಡಿಗೆ ಓಡಿದೆ. ಈಗ ಬೋ ಪಟ್ಟಣದಲ್ಲಿ ಬಡಗಿ. ಅಮ್ಮ ಸತ್ತಳು ಅನ್ನುತ್ತಾರೆ. ಒಂದು ವೇಳೆ ಬದುಕಿದ್ದರೆ, ಅವಳ ಫಾಯಿಯಾ ದಾರಿ ಕಾಯುತ್ತಿದ್ದಾನೆಂದು ಹೇಳಿ."